ಸಿಸೆರೋನ್ ಪರೀಕ್ಷೆಗೆ ಕೋಚಿಂಗ್ ಸೇರುವ ಮುಂಚೆ ಇದನ್ನೊಮ್ಮೆ ಓದಿ

ಬಿಯರ್ ಪರಿಣತರಿಗೆ ಇರುವ ಅಡ್ವಾನ್ಸ್ಡ್ ಸಿಸೆರೋನ್ ಪರೀಕ್ಷೆಗೆ ಕಲಿಸ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ, ಅವರು ಯಾವ ಹಂತದವರೆಗೆ ಪಾಸಾಗಿದ್ದಾರೆ ಅಂತ ಮೊದಲು ನೋಡಿ. ನಾನು ನೋಡಲಿಲ್ಲ. 900 ಡಾಲರ್ ಕೈಬಿಟ್ಟಿತು, ಪರೀಕ್ಷೆಯೂ ಹೋಯಿತು.

ನಾನಿರುವುದು ಷಿಕಾಗೋ ಹತ್ತಿರ. ಬಿಯರ್ ಸರಬರಾಜು ಮಾಡುವ ಕಂಪನಿಯಲ್ಲಿ ಬಾರ್‌ಗಳ ಡ್ರಾಫ್ಟ್ ಲೈನ್, ಅಂದರೆ ಪೀಪಾಯಿಯಿಂದ ನಲ್ಲಿಗೆ ಬಿಯರ್ ತರುವ ಪೈಪು, ನೋಡಿಕೊಳ್ಳುವ ಕೆಲಸ. ವೈನಿಗೆ ಸೊಮೆಲಿಯೇ (ವೈನ್ ಆರಿಸಿ ಬಡಿಸುವ ಪರಿಣತ) ಇದ್ದ ಹಾಗೆ ಬಿಯರಿಗೆ ಸಿಸೆರೋನ್. ರೇ ಡೇನಿಯಲ್ಸ್ ಅನ್ನುವವರು ಶುರು ಮಾಡಿದ್ದು. ಒಟ್ಟು ನಾಲ್ಕು ಹಂತ. ಮೊದಲನೆಯದು ಮನೆಯಲ್ಲೇ ಕೂತು ಆನ್‌ಲೈನಲ್ಲಿ ಉತ್ತರಿಸುವ 60 ಪ್ರಶ್ನೆ. ಎರಡನೆಯದರಿಂದ ರುಚಿಯ ಪರೀಕ್ಷೆ ಸೇರಿಕೊಳ್ಳುತ್ತದೆ. ಮೂರನೆಯದೇ ಅಡ್ವಾನ್ಸ್ಡ್. ಪುಟಗಟ್ಟಲೆ ಬರೆಯುವುದು, ಎದುರು ಕೂತು ಉತ್ತರ ಹೇಳುವುದು, ರುಚಿ ಗುರುತಿಸುವುದು, ಎಲ್ಲ ಇರುತ್ತದೆ. ನಾಲ್ಕನೆಯದು ಮಾಸ್ಟರ್. ಅದರ ಮಾತು ಈಗ ಬೇಡ ಬಿಡಿ.

ನನ್ನ ಗುರುಗಳು ಇಂಟರ್ನೆಟ್ಟಲ್ಲಿ ಸಿಕ್ಕವರು. ‘ಖಂಡಿತ ಪಾಸ್, ನಿಜವಾದ ಪರೀಕ್ಷೆಯ ಪ್ರಶ್ನೆಗಳೇ ನನ್ನ ಹತ್ತಿರ ಇವೆ’ ಅಂದರು. ಆ ಮಾತಿಗೇ ನಾನು ಎದ್ದು ಹೋಗಬೇಕಿತ್ತು. ಪರೀಕ್ಷೆಯಲ್ಲಿ ಏನು ಬಂತು ಅಂತ ಹೊರಗೆ ಹೇಳುವಂತಿಲ್ಲ, ನಾವು ಒಪ್ಪಿಕೊಂಡೇ ಒಳಗೆ ಹೋಗುವುದು. ಅದಕ್ಕೇ ನಾನೂ ಇಲ್ಲಿ ಹೇಳುತ್ತಿಲ್ಲ.

ನೋಟ್ಸ್ ಬಂತು. ಡ್ರಾಫ್ಟ್ ಲೈನ್ ತಿಂಗಳಿಗೊಮ್ಮೆ ತೊಳೆದರೆ ಸಾಕು ಅಂತ ಅದರಲ್ಲಿತ್ತು. ಎರಡು ವಾರಕ್ಕೊಮ್ಮೆ, ಶೇಕಡಾ 2ರ ಕಾಸ್ಟಿಕ್ (ಕ್ಷಾರ) ಹಾಕಿ ತೊಳೆಸುವುದು ನನ್ನ ದಿನದ ಕೆಲಸ! ಮೂರು ತಿಂಗಳಿಗೊಮ್ಮೆ ಆಸಿಡ್ ಬೇರೆ, ಪೈಪಿನೊಳಗೆ ಕಟ್ಟುವ ಬಿಯರ್ ಕಲ್ಲು ಬಿಡಿಸುವುದಕ್ಕೆ. ಆದರೂ ‘ಟೈಪಿಂಗ್ ತಪ್ಪಿರಬೇಕು’ ಅಂತ ಸುಮ್ಮನಾದೆ. ಬಿಯರ್ ಶೈಲಿಗಳ ಪಟ್ಟಿ ಬಿಜೆಸಿಪಿ ಅನ್ನುವ ಬಿಯರ್ ತೀರ್ಪುಗಾರರ ಸಂಸ್ಥೆಯ 2015ರದು. 2021ರಲ್ಲಿ ಹೊಸದು ಬಂದಿದೆ. ಈಗ ಗಲ್ಲಿಗಲ್ಲಿಯಲ್ಲಿ ಸಿಗುವ, ಮಸುಕಾಗಿ ಕಾಣುವ ಹೇಜಿ ಐಪಿಎ ಬಿಯರ್ ಹಳೆಯದರಲ್ಲಿ ಇಲ್ಲವೇ ಇಲ್ಲ. ಅದನ್ನೂ ನುಂಗಿಕೊಂಡೆ. ದುಡ್ಡು ಕೊಟ್ಟ ಮೇಲೆ ಕಣ್ಣು ಸ್ವಲ್ಪ ಮಂಜಾಗುತ್ತದೆ.

ದೊಡ್ಡ ಪೆಟ್ಟು ಬಿದ್ದದ್ದು ರುಚಿಯಲ್ಲಿ. ಕೆಟ್ಟ ಬಿಯರಿನ ವಾಸನೆ ಗುರುತಿಸುವುದನ್ನು ಕಲಿಯಲು ಕ್ಯಾಪ್ಸೂಲ್ ಸಿಗುತ್ತವೆ. ಒಳ್ಳೆಯ ಬಿಯರಿಗೆ ಬೆರೆಸಿ ಮೂಸಿ ನೋಡಬೇಕು. ನಮ್ಮ ಪೆಟ್ಟಿಗೆಯವು ಒಂದು ಲೀಟರಿಗೆ ಒಂದು ಹಾಕುವಂಥವು. ಗುರುಗಳು 355 ಮಿಲಿಯ ಒಂದು ಬಾಟಲಿಗೇ ಹಾಕಿ ಅಂದರು. ಅಂದರೆ ಹತ್ತಿರ ಹತ್ತಿರ ಮೂರು ಪಟ್ಟು. ಅಷ್ಟು ಹಾಕಿದರೆ ನೆಗಡಿ ಬಂದವನಿಗೂ ಗೊತ್ತಾಗುತ್ತದೆ. ಅದರ ಮೇಲೆ ಪ್ರತಿ ಗ್ಲಾಸಿಗೂ ಹೆಸರಿನ ಚೀಟಿ. ಪ್ರತಿ ಸಲವೂ ಅದೇ ತೆಳು ಲಾಗರ್ ಬಿಯರ್. ಎರಡು ತಿಂಗಳು ನಾನು ಕಲಿತದ್ದು ಚೀಟಿ ಓದುವುದನ್ನೇ ಇರಬೇಕು.

ಪದಗಳೂ ಅವರವೇ. ಡೈಅಸಿಟೈಲ್ (ಬಿಯರಿಗೆ ಬೆಣ್ಣೆಯ ವಾಸನೆ ಕೊಡುವ ರಾಸಾಯನಿಕ) ಅಂದರೆ ‘ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್ ಬೆಣ್ಣೆ’. ನನ್ನ ಮೂಗಿಗೆ ಬೆಣ್ಣೆ ಅಂದರೆ ಅಮ್ಮ ಮೊಸರು ಕಡೆದು ತೆಗೆದದ್ದು. ಎರಡೂ ಒಂದಲ್ಲ. ಬೆಳಕು ತಗುಲಿ ಕೆಟ್ಟ ಬಿಯರಿಗೆ ‘ಸ್ಕಂಕ್’ ವಾಸನೆ ಅಂತಾರೆ. ಸ್ಕಂಕ್ ಅಂದರೆ ಹೆದರಿದರೆ ದುರ್ವಾಸನೆಯ ದ್ರವ ಚಿಮ್ಮಿಸುವ ಅಮೆರಿಕದ ಪುಟ್ಟ ಪ್ರಾಣಿ. ಹಾಸನದಲ್ಲಿ ಬೆಳೆದವನು ಅದನ್ನು ಎಲ್ಲಿ ನೋಡಬೇಕು? ಇಲ್ಲಿಗೆ ಬಂದ ಮೇಲೆ ಹೈವೇಯಲ್ಲಿ ಕಾರಿನ ಕಿಟಕಿಯಿಂದ ಒಮ್ಮೆ ಮೂಗಿಗೆ ಬಡಿದಿತ್ತು, ಅಷ್ಟೇ ಪರಿಚಯ. ಹಳೇ ಬಿಯರಿನ ಒದ್ದೆ ರಟ್ಟು, ಡಿಎಂಎಸ್ ಅನ್ನುವ ಗಂಧಕದ ರಾಸಾಯನಿಕದ ಬೇಯಿಸಿದ ಜೋಳದ ತೆನೆ, ವೀಟ್ (ಗೋಧಿ) ಬಿಯರಿನ ಲವಂಗ, ಇವೆಲ್ಲ ನಮಗೆ ಗೊತ್ತಿರುವವೇ. ನಿಮ್ಮ ಅಡುಗೆಮನೆಯ ನೆನಪಿಗೆ ಒಂದೊಂದನ್ನೂ ಕಟ್ಟಿಕೊಳ್ಳಿ. ನಾನು ಆ ಮನುಷ್ಯನ ನೆನಪನ್ನು ಬಾಯಿಪಾಠ ಮಾಡಿದೆ.

ಪರೀಕ್ಷೆ ದಿನ ಚೀಟಿ ಇಲ್ಲದ ಗ್ಲಾಸುಗಳ ಮುಂದೆ ಕೂತಾಗ ಎಲ್ಲ ಬರೀ ಬಿಯರ್ ಅನ್ನಿಸಿತು. ಫಲಿತಾಂಶ ಬಂದಾಗ ರುಚಿಯ ಭಾಗದ ಅಂಕ ನೋಡಿ ನಾಚಿಕೆಯಾಯಿತು.

ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ಬಿಯರ್ ಕುದಿಸುವ ಗೆಳೆಯನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ‘ಲೋ, ಅವನೇ ಆ ಪರೀಕ್ಷೆ ಪಾಸಾಗಿದ್ದಾನಾ? ಕೇಳಿದ್ಯಾ?’ ಅಂದ. ಕೇಳಿರಲಿಲ್ಲ. ಅವತ್ತೇ ಗುರುಗಳಿಗೆ ಬರೆದು ಕೇಳಿದೆ. ಸುತ್ತಿ ಬಳಸಿ ಉತ್ತರ ಬಂತು: ಮೊದಲ ಹಂತ. ಆ 60 ಪ್ರಶ್ನೆಯದು! ಅದಕ್ಕೆ ಸಿಗುವ ಬಿರುದು ಸರ್ಟಿಫೈಡ್ ಬಿಯರ್ ಸರ್ವರ್ ಅಂತ. ತನ್ನನ್ನು ಸಿಸೆರೋನ್ ಅಂತ ಕರೆದುಕೊಳ್ಳಲು ಎರಡನೇ ಹಂತವಾದರೂ ದಾಟಿರಬೇಕು. ನಾನು ದಾಟಿದ್ದೆ. ಗುರುಗಳಿಗಿಂತ ಶಿಷ್ಯನೇ ಒಂದು ಮೆಟ್ಟಿಲು ಮೇಲೆ. ದುಡ್ಡು ವಾಪಸ್ ಕೇಳಿದ್ದಕ್ಕೆ ‘ನೀವು ಸರಿಯಾಗಿ ಅಭ್ಯಾಸ ಮಾಡಿಲ್ಲ’ ಅಂದರು. ಆಮೇಲೆ ಉತ್ತರವೇ ಇಲ್ಲ.

ಈಗ ಮನೆಯಲ್ಲೇ ಅಭ್ಯಾಸ. ಹೆಂಡತಿ ಅಡುಗೆಮನೆಯಲ್ಲಿ ಬೆರೆಸುತ್ತಾಳೆ, ನಾನು ನಡುಮನೆಯಲ್ಲಿ ಕೂತಿರುತ್ತೇನೆ. ಮೂರು ಗ್ಲಾಸ್, ಎರಡು ಒಂದೇ, ಒಂದು ಬೇರೆ; ಬೇರೆ ಯಾವುದು ಅಂತ ನಾನು ಹೇಳಬೇಕು. ಒಂದು ದಿನ ಲಾಗರ್, ಇನ್ನೊಂದು ದಿನ ಪೇಲ್ ಏಲ್, ಡೋಸ್ ಅವಳಿಗೆ ಬಿಟ್ಟದ್ದು. ಡೈಅಸಿಟೈಲ್ ಕಡಿಮೆ ಇದ್ದರೆ ನನ್ನ ಮೂಗಿಗೆ ಸಿಗುವುದೇ ಇಲ್ಲ ಅಂತ ಹೀಗೇ ಗೊತ್ತಾದದ್ದು. ಕೆಲವರಿಗೆ ಹುಟ್ಟಿನಿಂದಲೇ ಹಾಗಂತೆ. ಈಗ ನಾಲಿಗೆ ಮೇಲೆ ಎಣ್ಣೆ ಸವರಿದಂಥ ಜಾರು ಹುಡುಕುತ್ತೇನೆ. ಹೋದ ಭಾನುವಾರ ಐದು ಸುತ್ತಿನಲ್ಲಿ ಮೂರು ಸರಿ ಹೇಳಿದೆ. ಅವಳು ಕುಡಿಯುವುದಿಲ್ಲ, ಬರೀ ಮೂಸಿ ಐದನ್ನೂ ಹೇಳಿದಳು.