ಅಜ್ಜಿಯ ಮುಖ: ಪದರ ಪದರವಾಗಿಯೋ, ಒಂದೇ ಪಟ್ಟಿಗೆ ಕೂತೋ?

ಎಣ್ಣೆಬಣ್ಣದಲ್ಲಿ ನಮ್ಮಜ್ಜಿಯ ಮುಖವನ್ನು ಎರಡು ಸಲ ಬರೆದಿದ್ದೇನೆ. ಮೊದಲನೆಯದು ಪದರದ ಪದ್ಧತಿ, ಅಂದರೆ ಒಂದು ಪದರ ಒಣಗಿದ ಮೇಲೆ ಇನ್ನೊಂದು ಹಾಕುವುದು. ಅದಕ್ಕೆ ಆರು ವಾರ ಹಿಡಿಯಿತು. ಇನ್ನೊಂದು ‘ಆಲಾ ಪ್ರೀಮಾ’, ಅಂದರೆ ಹಸಿ ಬಣ್ಣದ ಮೇಲೇ ಹಸಿ ಬಣ್ಣ ಹಾಕಿ ಒಂದೇ ಪಟ್ಟಿಗೆ ಮುಗಿಸುವುದು. ಅದಕ್ಕೆ ಮೂರು ಗಂಟೆ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ಮೈಬಣ್ಣ ನೋಡಿ ಬಂದವನು ನಾನು. ಅಂಥ ನಯ ಬೇಕೆಂದೇ ಪದರದ ಹಾದಿ ಹಿಡಿದೆ. ಮೊದಲು ಬರ್ನ್ಟ್ ಅಂಬರ್ ಅನ್ನುವ ಕಡುಕಂದು ಬಣ್ಣ ಒಂದನ್ನೇ ಟರ್ಪೆಂಟೈನಿನಲ್ಲಿ ತೆಳುಮಾಡಿ ನೆರಳು ಬೆಳಕು ಕೂರಿಸಿಕೊಂಡೆ. ಅದು ಬೇಗ ಒಣಗುತ್ತದೆ. ಮೇಲಿನ ಪದರಗಳಿಗೆ ಅಗಸೆ ಎಣ್ಣೆಯನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ ಹೋಗಬೇಕು. ಅಡಿಯಲ್ಲಿ ಜಿಡ್ಡು ಹೆಚ್ಚಾದರೆ ಮುಂದೆ ಬಿರುಕು ಬಿಡುತ್ತದೆ. ಮಳೆಗಾಲ ಬೇರೆ. ಅಲಿಜರಿನ್ ಕ್ರಿಮ್ಸನ್ ಅನ್ನುವ ಕಡುಗೆಂಪು ಹಚ್ಚಿದ ಕೆನ್ನೆ ವಾರ ಕಳೆದರೂ ಬೆರಳಿಗೆ ಅಂಟುತ್ತಿತ್ತು. ಕೊನೆಗೆ ಚರ್ಮದೊಳಗಿಂದಲೇ ಬೆಳಕು ಬಂದಂತಾಯಿತು, ನಿಜ. ಆದರೆ ಆರು ವಾರ ಅಜ್ಜಿಯನ್ನು ಕೂರಿಸಲಾಗದೆ ಫೋಟೊ ನೋಡಿ ಬರೆದಿದ್ದೆ. ಸುಕ್ಕುಗಳನ್ನು ತಿದ್ದಿ ತಿದ್ದಿ, ಅವರ ಮುಖದ ಭಾವವನ್ನೇ ಒರೆಸಿಬಿಟ್ಟಿದ್ದೆ.

ಎರಡನೆಯದಕ್ಕೆ ಅಜ್ಜಿಯನ್ನು ಕಿಟಕಿ ಪಕ್ಕ ಕೂರಿಸಿದೆ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) ಹೆಸರಲ್ಲಿ ಪ್ರಸಿದ್ಧವಾದ ನಾಲ್ಕೇ ಬಣ್ಣ: ಯೆಲ್ಲೋ ಓಕರ್ (ಮಣ್ಣುಹಳದಿ), ವರ್ಮಿಲಿಯನ್ (ಕುಂಕುಮಗೆಂಪು), ಐವರಿ ಬ್ಲ್ಯಾಕ್ (ಕಪ್ಪು), ಬಿಳಿ. ವರ್ಮಿಲಿಯನ್ ಬದಲು ಕ್ಯಾಡ್ಮಿಯಂ ರೆಡ್ ಇಟ್ಟುಕೊಂಡೆ. ಕಪ್ಪಿಗೆ ಬಿಳಿ ಬೆರೆಸಿದರೆ ಓಕರ್ ಪಕ್ಕದಲ್ಲಿ ಅದೇ ನೀಲಿಯಾಗಿ ಕಾಣುತ್ತದೆ. ನರೆಗೂದಲಿಗೆ ಅಷ್ಟೇ ಸಾಕಾಯಿತು. ನಮ್ಮ ಎಣ್ಣೆಗಪ್ಪು ಮೈಬಣ್ಣಕ್ಕೆ ಮಾತ್ರ ಬಿಳಿಯನ್ನು ತಡೆದು ಬಳಸಬೇಕು, ಇಲ್ಲದಿದ್ದರೆ ಮುಖ ಸುಣ್ಣ ಬಳಿದಂತಾಗುತ್ತದೆ. ಹಣೆಯ ಹೊಳಪಿಗೂ ಮೂಗುಬೊಟ್ಟಿಗೂ ಉಳಿಸಿಕೊಂಡೆ.

ಅಜ್ಜಿ ಎಲೆಯಡಿಕೆಯನ್ನು ಬಲದವಡೆಗೆ ಒತ್ತಿಕೊಂಡಿದ್ದರು. “ಮುಗೀತೇನೋ ಮಗಾ, ಕಾಲು ಜೋಮು ಹಿಡೀತು” ಅಂದಾಗ ತುಟಿಯ ತುದಿ ಒಂದಿಷ್ಟು ಮೇಲೆದ್ದಿತು. ಅಗಲ ಬ್ರಶ್ಶಿನಲ್ಲಿ ಒಂದೇ ಎಳೆತ, ಮತ್ತೆ ಮುಟ್ಟಲಿಲ್ಲ. ಚಿತ್ರದಲ್ಲಿ ಎಡಗಿವಿ ಕೆಳಗಿಳಿದಿದೆ. ಗಲ್ಲದ ಕೆಳಗೆ ಬಣ್ಣಗಳು ಕಲಸಿ ಕೆಸರಾಗಿ, ಎರಡು ಸಲ ಚಾಕುವಿನಲ್ಲಿ ಕೆರೆದು ತೆಗೆದೆ. ಪ್ರತಿ ಎಳೆತಕ್ಕೂ ಬ್ರಶ್ ಒರೆಸುವ ಅಭ್ಯಾಸ ಬಿದ್ದದ್ದು ಅಲ್ಲಿಂದಲೇ. ಆದರೂ ಆ ತುಟಿಯಲ್ಲಿ ಅಜ್ಜಿ ಇದ್ದಾರೆ.

ಭಾವ ಬೇಕೆನ್ನುವವರು ಎದುರಿಗೆ ಕೂತವರನ್ನು ನೋಡಿ ಒಂದೇ ಪಟ್ಟಿಗೆ ಬರೆಯಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮುಖದ ಅಳತೆ ಇನ್ನೂ ಕೈಗೆ ಹತ್ತಿಲ್ಲವಾದರೆ ಅಂಬರಿನ ಮೊದಲ ಪದರವನ್ನಷ್ಟೇ ಹಿಂದಿನ ವಾರ ಹಾಕಿ ಒಣಗಿಸಿಡಿ. ಈಗ ತಾತನನ್ನು ಹಾಗೆ ಶುರುಮಾಡಿದ್ದೇನೆ. ಕಿವಿ ಎರಡೂ ಸರಿಯಾದ ಜಾಗದಲ್ಲಿವೆ, ಭಾನುವಾರ ಕೂರುತ್ತೇನೆ ಅಂದಿದ್ದಾರೆ.