ಮಳೆಗಾಲದಲ್ಲಿ ಆಯಿಲ್ ಪೇಂಟಿಂಗ್: ಎರಡು ಪುಸ್ತಕ, ಒಂದು ತಂಬಿಗೆ

ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುವವನು ನಾನು. ಚಿಕ್ಕಮಗಳೂರಿನಲ್ಲಿ ನನ್ನ ಸಮಯಕ್ಕೆ ಹೊಂದುವ ಆಯಿಲ್ ಪೇಂಟಿಂಗ್ ಮೇಷ್ಟ್ರು ಸಿಗಲಿಲ್ಲ. ಹಾಗಾಗಿ ಪುಸ್ತಕ ನೋಡಿಯೇ ಕಲಿಯೋಣ ಅಂದುಕೊಂಡೆ. ಒಂದಲ್ಲ, ಎರಡು ಪುಸ್ತಕ.

ಮೊದಲನೆಯದು ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ 120 ರೂಪಾಯಿಗೆ ಸಿಕ್ಕಿದ್ದು. ಹಿಂದೆ ಓದಿದವರು ಯಾರೋ ಪುಟದ ಅಂಚಿನಲ್ಲೆಲ್ಲ ನೀಲಿ ಹೆಬ್ಬೆಟ್ಟು ಒತ್ತಿದ್ದಾರೆ. ಎರಡನೆಯದು ಆನ್‌ಲೈನಿನಲ್ಲಿ ತರಿಸಿದ್ದು, 1,450 ರೂಪಾಯಿ. ಎರಡೂ ಹೊಸಬರಿಗೆ ಅಂತಲೇ ಹೇಳಿಕೊಳ್ಳುತ್ತವೆ. ಆದರೆ ಬರೆದ ಇಬ್ಬರನ್ನೂ ಒಂದೇ ರೂಮಿನಲ್ಲಿ ಕೂರಿಸಿದರೆ ಜಗಳ ಗ್ಯಾರಂಟಿ.

ಹಳೆಯ ಪುಸ್ತಕದ್ದು ಪದರದ ದಾರಿ. ಟರ್ಪೆಂಟೈನ್ ಹಾಕಿ ತೆಳ್ಳಗೆ ಮಾಡಿದ ಕಂದು ಬಣ್ಣದಲ್ಲಿ ಮೊದಲು ನೆರಳು, ಬೆಳಕು. ಅದು ಒಣಗಿದ ಮೇಲೆ ಬೂದು ಬಣ್ಣ. ಅದೂ ಒಣಗಿದ ಮೇಲೆ ಅಗಸೆ ಎಣ್ಣೆ ಬೆರೆಸಿದ ತಿಳಿ ಬಣ್ಣ, ಗಾಜಿನ ಹಾಗೆ, ಒಂದರ ಮೇಲೊಂದು. ಕೆಳಗಿನ ಪದರದಲ್ಲಿ ಎಣ್ಣೆ ಕಮ್ಮಿ, ಮೇಲೆ ಹೋದ ಹಾಗೆ ಜಾಸ್ತಿ. ಹೊಸ ಪುಸ್ತಕಕ್ಕೆ ಈ ತಾಳ್ಮೆಯೇ ಇಲ್ಲ. ಹಸಿ ಬಣ್ಣದ ಮೇಲೆ ಹಸಿ ಬಣ್ಣ, ಎರಡು ಮೂರು ಗಂಟೆಯಲ್ಲಿ ಚಿತ್ರ ಮುಗಿಸಿ ಏಳಬೇಕು. ಇಟಾಲಿಯನ್ ಭಾಷೆಯಲ್ಲಿ ಇದಕ್ಕೆ ‘ಅಲಾ ಪ್ರಿಮಾ’ ಅನ್ನುತ್ತಾರೆ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ಮುಂದೆ ನಿಂತಾಗಿನಿಂದ ನನ್ನ ಆಸೆಯೆಲ್ಲ ಆ ನುಣುಪಿನ ಮೇಲೆ. ಅದಕ್ಕೇ ಪದರದ ಪುಸ್ತಕ ಮೊದಲು ಹಿಡಿದು, ಒಂದು ತಂಬಿಗೆ ಬರೆಯಲು ಕೂತೆ. ಜೂನ್ ಎರಡನೇ ವಾರ. ಅಲ್ಲೇ ಎಡವಿದ್ದು.

ಆಯಿಲ್ ಪೇಂಟ್ ನೀರಿನ ಬಣ್ಣದ ಹಾಗೆ ಆರುವುದಿಲ್ಲ. ಅದರಲ್ಲಿರುವ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಬೆಳಕು, ಬಿಸಿ, ಗಾಳಿಯಾಟ ಇದ್ದರೆ ಬೇಗ. ನಮ್ಮ ಜುಲೈ ಹೇಗಿರುತ್ತದೆ ಗೊತ್ತಲ್ಲ, ಬನಿಯನ್ನೇ ಮೂರು ದಿನ ಒಣಗಲ್ಲ. ‘ಕೆಲವು ದಿನ ಕಾಯಿರಿ’ ಅಂತ ಪುಸ್ತಕ ಸಲೀಸಾಗಿ ಬರೆದಿದೆ. ನಾನು ಹನ್ನೆರಡು ದಿನ ಕಾದೆ. ತಂಬಿಗೆಯ ಚಿತ್ರದ ಮೇಲೆ ಬೆರಳಿಟ್ಟರೆ ಇನ್ನೂ ಹಲಸಿನ ಮೇಣ. ಆಕಡೆ ಕ್ಯಾನ್ವಾಸ್ ಹಿಂದೆ ಬೂಷ್ಟು ಬಂದಿತ್ತು.

ತಪ್ಪೆಲ್ಲ ಮಳೆಯದ್ದಲ್ಲ, ನನ್ನದೂ ಇತ್ತು. ಬೂದು ಬಣ್ಣಕ್ಕೆ ಐವರಿ ಬ್ಲ್ಯಾಕ್ ಎಂಬ ಕಪ್ಪು ಸುರಿದಿದ್ದೆ. ಅದು ಒಣಗುವುದರಲ್ಲಿ ಮಹಾ ಸೋಮಾರಿ. ಅದೇ ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣದಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಪುಸ್ತಕದಲ್ಲಿ ಈ ವಿಷಯ ಇಲ್ಲ ಅಂತಲ್ಲ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದೆ. ಕಾಯಲಾರದೆ ಅರೆಹಸಿ ಪದರದ ಮೇಲೆ ಬಣ್ಣ ಬಳಿದುಬಿಟ್ಟೆ. ಮೇಲಿನದು ಒಣಗಿತು, ಕೆಳಗಿನದು ಇನ್ನೂ ಅಲುಗುತ್ತಿತ್ತು. ದೀಪಾವಳಿ ಹೊತ್ತಿಗೆ ತಂಬಿಗೆಯ ಕುತ್ತಿಗೆ ಸುತ್ತ ಕೂದಲೆಳೆಯಷ್ಟು ಸಣ್ಣ ಬಿರುಕು.

ವಾಸನೆಯ ಗಲಾಟೆ ಬೇರೆ. ಬಾಗಿಲು ಕಿಟಕಿ ಮುಚ್ಚಿದ ಮನೆಯಲ್ಲಿ ಟರ್ಪೆಂಟೈನ್. ‘ನಿನ್ನ ಚಿತ್ರ ಮುಗಿಯೋದ್ರೊಳಗೆ ನಾನೇ ಮುಗೀತೀನಿ ಕಣೋ’ ಅಂದರು ಅಮ್ಮ. ಅವರಿಗೆ ಉಬ್ಬಸ. ಆವತ್ತೇ ಡಬ್ಬಿ ಹೊರಗೆ ಹೋಯಿತು.

ಟರ್ಪೆಂಟೈನ್ ಇಲ್ಲದೆ ನಡೆಯುವುದು ಹೊಸ ಪುಸ್ತಕವೇ. ಟ್ಯೂಬಿನಿಂದ ಹಿಂಡಿದ ಬಣ್ಣ ಹಾಗೇ ಬಳಸುವುದು. ಬ್ರಶ್ಶಿಗೆ ಅಡುಗೆಮನೆಯ ಸೂರ್ಯಕಾಂತಿ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪಿನಲ್ಲಿ ತೊಳೆಯುತ್ತೇನೆ. ಬಣ್ಣವೂ ಐದೇ: ಟೈಟಾನಿಯಂ ವೈಟ್, ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ಒಂದು ಕೆಂಪು, ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಅಂಬರ್. ಕಪ್ಪು ಬೇಕಾದರೆ ಕೊನೆಯ ಎರಡನ್ನು ಬೆರೆಸಿದರಾಯಿತು. ಟ್ಯೂಬಿನ ಕಪ್ಪಿಗಿಂತ ಜೀವ ಇರುವ ಕಪ್ಪು ಅದು.

ಇದರಲ್ಲಿ ಮೊದಲು ಬರೆದಿದ್ದು ಸ್ಟೀಲ್ ಲೋಟ, ಪಕ್ಕದಲ್ಲಿ ಕಿತ್ತಳೆ. ಲೋಟ ಅಂದರೆ ಬೆಳ್ಳಗೆ ಅಂತ ನನ್ನ ತಲೆಯಲ್ಲಿತ್ತು. ಅರ್ಧ ಗಂಟೆ ದಿಟ್ಟಿಸಿ ನೋಡಿದರೆ ಅದರಲ್ಲಿ ಬಿಳಿ ಎಂಬುದು ಅಕ್ಕಿಕಾಳಿನಷ್ಟು, ಅಂಚಿನಲ್ಲಿ. ಉಳಿದಿದ್ದು ಕಿಟಕಿಯ ಬೂದು, ನನ್ನ ಅಂಗಿಯ ಕಂದು, ಕಿತ್ತಳೆ ಪಕ್ಕದಲ್ಲಿ ಉದ್ದಕ್ಕೆ ಇಳಿದ ಕೇಸರಿ ಗೆರೆ. ಆ ಗೆರೆ ಇಟ್ಟೆ. ಇಟ್ಟು ಸುಮ್ನೆ ಇರಬೇಕಿತ್ತು. ಚೆಂದ ಮಾಡಲು ಹೋಗಿ ನಾಲ್ಕು ಸಲ ಸವರಿದೆ, ಗದ್ದೆ ಕೆಸರಾಯಿತು. ‘ಇಟ್ಟದ್ದನ್ನು ಮುಟ್ಟಬೇಡ’ ಎಂಬ ಪಾಠ ಮೂರನೇ ಪುಟದಲ್ಲೇ ಇದೆ. ಕೈಗೆ ಇಳಿಯಲು ಹದಿನೈದು ಚಿತ್ರ ಬೇಕಾಯಿತು. ಆದರೆ ಹದಿನೈದೂ ಅದೇ ಮಳೆಗಾಲದಲ್ಲಿ ಆದವು. ಪದರದ ದಾರಿಯಲ್ಲಿ ಅಷ್ಟು ಹೊತ್ತಿಗೆ ಒಂದೂವರೆ.

ಮಳೆ ಬಿಟ್ಟ ಒಂದು ಭಾನುವಾರ ಹಿರೇಕೊಳಲೆ ಕೆರೆ ಹತ್ತಿರ ಬಣ್ಣ ಹೊತ್ತುಕೊಂಡು ಹೋದೆ. 1841ರಲ್ಲಿ ಜಾನ್ ರ್‍ಯಾಂಡ್ ಎಂಬ ಚಿತ್ರಕಾರ ತವರದ ಟ್ಯೂಬ್ ಕಂಡುಹಿಡಿಯುವ ಮುಂಚೆ ಹೀಗೆ ಹೊರಗೆ ಹೋಗಿ ಬಣ್ಣ ಹಚ್ಚುವುದು ಕಷ್ಟವೇ ಇತ್ತು. ಹತ್ತು ನಿಮಿಷದಲ್ಲಿ ಮೋಡ ಬಂದು ಗುಡ್ಡ ನುಂಗಿತು. ನೆನಪಿನಲ್ಲೇ ಮುಗಿಸಿ ಮನೆಗೆ ತಂದೆ. ‘ಅಪ್ಪಾ, ಇದು ಬೆಟ್ಟನಾ, ಮಲಗಿರೋ ಎಮ್ಮೆನಾ?’ ಅಂದಳು ಮಗಳು.

ಎಮ್ಮೆ ಯಾಕಾಯಿತು ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಹಳೆಯ ಪುಸ್ತಕದಲ್ಲಿ. ಹತ್ತಿರದ ಗುಡ್ಡಕ್ಕೂ ದೂರದ ಗುಡ್ಡಕ್ಕೂ ಒಂದೇ ಕಪ್ಪು ಹಾಕಿದ್ದೆ, ದೂರದ್ದು ತಿಳಿಯಾಗಿರಬೇಕಿತ್ತು. ಬಿಳಿಯಿಂದ ಕಪ್ಪಿನವರೆಗೆ ಒಂಬತ್ತು ಮೆಟ್ಟಿಲು ಬೂದು ಬೆರೆಸುವ ಒಂದು ಅಭ್ಯಾಸ ಅದರಲ್ಲಿದೆ. ಬೋರು, ಆದರೆ ಇಷ್ಟು ಚೆನ್ನಾಗಿ ಹೊಸ ಪುಸ್ತಕ ಎಲ್ಲೂ ಹೇಳಿಕೊಡುವುದಿಲ್ಲ. ಅದು ಓದುವವನಿಗೆ ಇದೆಲ್ಲ ಬರುತ್ತದೆ ಅಂದುಕೊಂಡೇ ಓಡುತ್ತದೆ. ಹಾಗಾಗಿ ನಾನು ಹೇಳುವುದಾದರೆ, ಮಲೆನಾಡಿನವರು ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊಸ ಪುಸ್ತಕದ ದಾರಿ ಹಿಡಿಯಿರಿ, ಬೂದಿನ ಅಧ್ಯಾಯ ಮಾತ್ರ ಹಳೆಯದರಿಂದ ಕದಿಯಿರಿ.

ಒಂದು ವಿಷಯಕ್ಕೆ ಇಬ್ಬರ ಮೇಲೂ ಸಿಟ್ಟಿದೆ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಕಾದು ಬೆಂಕಿ ಹತ್ತಬಹುದು. ಹರಡಿ ಒಣಗಿಸಬೇಕು. ಇದನ್ನು ಹಳೆಯದು ಕೊನೆಯ ಪುಟಕ್ಕೆ ತಳ್ಳಿದೆ, ಹೊಸದು ಹೇಳಿಯೇ ಇಲ್ಲ.

ತಂಬಿಗೆಯದ್ದನ್ನು ಮತ್ತೆ ಶುರು ಮಾಡಿದ್ದೇನೆ, ಈ ಸಲ ಫೆಬ್ರವರಿಯಲ್ಲಿ, ಬರೀ ಅಂಬರ್ ಹಾಕಿ. ಕಾಫಿ ಒಣಗಿಸುವ ಬಿಸಿಲಲ್ಲವೇ, ಎರಡೇ ದಿನಕ್ಕೆ ಬೆರಳಿಗೆ ಅಂಟುವುದು ನಿಂತಿತು. ನಾಳೆ ಬೂದು.