ದೀಪಕ್ಕಿಂತ ಮೋಟಾರು ಮೊದಲು: ಹೋಮ್ ಅಸಿಸ್ಟೆಂಟ್ ಬಳಕೆಯ ವಿಮರ್ಶೆ

ಹೋಮ್ ಆಟೊಮೇಷನ್ ಜಾಹೀರಾತುಗಳಲ್ಲಿ ಕಾಣುವುದು ಬಣ್ಣ ಬದಲಿಸುವ ದೀಪಗಳು ಮತ್ತು ಮಾತಿಗೆ ಓಗೊಡುವ ಸ್ಪೀಕರುಗಳು. ಮೈಸೂರಿನ ನಮ್ಮ ಮನೆಯಲ್ಲಿ ಹೋಮ್ ಅಸಿಸ್ಟೆಂಟ್ ತಂತ್ರಾಂಶವನ್ನು ಕೆಲವು ವರ್ಷಗಳಿಂದ ಬಳಸುತ್ತಿರುವ ನನಗೆ ನೀರಿನ ಮೋಟಾರು ಮತ್ತು ಗೀಸರ್ ಕೊಟ್ಟಷ್ಟು ಅನುಕೂಲವನ್ನು ಉಳಿದದ್ದೆಲ್ಲ ಸೇರಿಯೂ ಕೊಟ್ಟಿಲ್ಲ. ಹೊಸದಾಗಿ ಆರಂಭಿಸುವವರು ದೀಪಗಳ ಮೇಲೆ ಹಣ ಹಾಕುವ ಮುನ್ನ ಸಂಪು ಮತ್ತು ಟ್ಯಾಂಕಿನ ಕಡೆ ನೋಡುವುದು ಒಳ್ಳೆಯದು.

ಹೋಮ್ ಅಸಿಸ್ಟೆಂಟ್ ಮನೆಯ ಸಾಧನಗಳನ್ನೆಲ್ಲ ಒಂದೆಡೆಯಿಂದ ನಡೆಸುವ, ಉಚಿತವಾದ ಮುಕ್ತ ತಂತ್ರಾಂಶ. ಪೌಲಸ್ ಸ್ಕೌಟ್ಸನ್ 2013ರಲ್ಲಿ ಆರಂಭಿಸಿದ ಈ ಯೋಜನೆ 2024ರಿಂದ ಓಪನ್ ಹೋಮ್ ಫೌಂಡೇಶನ್ ಎಂಬ ಸಂಸ್ಥೆಯ ಆಶ್ರಯದಲ್ಲಿದೆ. ಇದಕ್ಕೂ ಮೊದಲು ನಮ್ಮ ಮನೆಯಲ್ಲಿದ್ದ ವೈಫೈ ಸ್ವಿಚ್ಚುಗಳಲ್ಲಿ ಮೊಬೈಲಿನಿಂದ ಕೊಟ್ಟ ಪ್ರತಿಯೊಂದು ಆಜ್ಞೆಯೂ ತಯಾರಕರ ಸರ್ವರಿಗೆ ಹೋಗಿ ಮರಳಬೇಕಾಗಿತ್ತು. ಮಳೆಗಾಲದಲ್ಲಿ ಇಂಟರ್ನೆಟ್ ಕೈಕೊಟ್ಟರೆ ಆ ಆ್ಯಪ್ ಇದ್ದೂ ಇಲ್ಲದಂತೆ. ಹೋಮ್ ಅಸಿಸ್ಟೆಂಟ್ ಮನೆಯೊಳಗಿನ ಸಣ್ಣ ಕಂಪ್ಯೂಟರಿನಲ್ಲಿಯೇ ನಡೆಯುವುದರಿಂದ ಆ ಅವಲಂಬನೆ ತಪ್ಪಿತು.

ಅಳವಡಿಕೆಗೆ ನಾನು ಆರಿಸಿಕೊಂಡ ಸಣ್ಣ ಕಂಪ್ಯೂಟರ್ ರಾಸ್‌ಬೆರಿ ಪೈ 4. ಮೆಮೊರಿ ಕಾರ್ಡಿನ ಬದಲು ಹೆಚ್ಚು ಬಾಳಿಕೆಯ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಹಾಕಿದೆ; ಹಗಲಿರುಳು ಮಾಹಿತಿ ಬರೆಯುತ್ತಲೇ ಇರುವ ವ್ಯವಸ್ಥೆಯಲ್ಲಿ ಮೆಮೊರಿ ಕಾರ್ಡು ಬೇಗ ಸವೆಯುತ್ತದೆ. ತಂತ್ರಾಂಶವನ್ನು ಎಸ್‌ಎಸ್‌ಡಿಯಲ್ಲಿ ಬರೆದು, ಪೈಗೆ ಜೋಡಿಸಿ, ಬ್ರೌಸರಿನಲ್ಲಿ 8123 ಪೋರ್ಟಿನ ವಿಳಾಸ ತೆರೆಯುವವರೆಗಿನ ಕೆಲಸ ಸುಲಭ. ತಲೆನೋವು ಬರುವುದು ಸೆನ್ಸರು, ಪ್ಲಗ್ಗುಗಳೊಡನೆ ನಿಸ್ತಂತುವಾಗಿ ಸಂಪರ್ಕ ಕೊಡುವ ಜಿಗ್‌ಬೀ ಡಾಂಗಲ್ ಸಿಕ್ಕಿಸಿದಾಗ. ಯುಎಸ್‌ಬಿ 3.0 ಪೋರ್ಟು ಹೊಮ್ಮಿಸುವ ವಿದ್ಯುತ್ ಗದ್ದಲವು ಜಿಗ್‌ಬೀ ಬಳಸುವ 2.4 ಗಿಗಾಹರ್ಟ್ಸ್ ತರಂಗಾಂತರಕ್ಕೇ ಅಡ್ಡಿ ಮಾಡುವುದರಿಂದ ಡಾಂಗಲನ್ನು ನೇರವಾಗಿ ಚುಚ್ಚದೆ, ಯುಎಸ್‌ಬಿ 2.0 ಪೋರ್ಟಿಗೆ ಉದ್ದನೆಯ ಕೇಬಲ್ ಹಾಕಿ ದೂರ ಇಡಬೇಕು. ವೈಫೈ ಕೂಡ ಅದೇ ತರಂಗಾಂತರದಲ್ಲಿರುವುದರಿಂದ ಎರಡರ ಚಾನೆಲ್‌ಗಳು ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳಬೇಕು. ಕರೆಂಟಿನಿಂದ ನಡೆಯುವ ಜಿಗ್‌ಬೀ ಸಾಧನಗಳು ಸಾಮಾನ್ಯವಾಗಿ ಸಂಕೇತವನ್ನು ಮುಂದಕ್ಕೆ ದಾಟಿಸುತ್ತವೆ, ಬ್ಯಾಟರಿಯವು ದಾಟಿಸುವುದಿಲ್ಲ. ಕಾಂಕ್ರೀಟ್ ಸೂರಿನ ನಮ್ಮ ಮನೆಯಲ್ಲಿ ಮಹಡಿಯ ಸೆನ್ಸರುಗಳು ಕೆಳಗಿನ ಡಾಂಗಲನ್ನು ತಲುಪುವುದು ಮೆಟ್ಟಿಲ ಬಳಿಯ ಒಂದು ಪ್ಲಗ್ಗಿನ ಮೂಲಕವೇ.

ಸ್ವಿಚ್‌ಬೋರ್ಡಿನ ಹಿಂದೆ ಕೂತು, ಆಜ್ಞೆ ಬಂದಾಗ ಕರೆಂಟನ್ನು ಹಾಕಿ ಆರಿಸುವ ರಿಲೇ ಮಾಡ್ಯೂಲುಗಳಿಗೆ ಹೆಚ್ಚಾಗಿ ನ್ಯೂಟ್ರಲ್ (ಕರೆಂಟು ಮರಳುವ) ತಂತಿ ಬೇಕು. ನಮ್ಮ ಕಡೆಯ ಮನೆಗಳಲ್ಲಿ ಸ್ವಿಚ್ಚುಗಳ ಪಕ್ಕದಲ್ಲೇ ಪ್ಲಗ್ ಪಾಯಿಂಟ್ ಇರುವ ರೂಢಿಯಿಂದಾಗಿ ನ್ಯೂಟ್ರಲ್ ಬಹುಪಾಲು ಬೋರ್ಡುಗಳಿಗೆ ಬಂದೇ ಇರುತ್ತದೆ. ಜಾಗದ ಇಕ್ಕಟ್ಟು ಮಾತ್ರ ನಿಜವಾದ ತೊಂದರೆ. ಈ ಕೆಲಸವನ್ನು ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿದೆ. ಸ್ಮಾರ್ಟ್ ಬಲ್ಬಿಗಿಂತ ರಿಲೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಗೋಡೆಯ ಸ್ವಿಚ್ ಆರಿಸಿದ ಕ್ಷಣವೇ ಸ್ಮಾರ್ಟ್ ಬಲ್ಬು ಸಂಪರ್ಕ ಕಳೆದುಕೊಳ್ಳುತ್ತದೆ. ರಿಲೇಯಾದರೆ ಸ್ವಿಚ್ಚೂ ಮೊಬೈಲೂ ಎರಡೂ ನಡೆಯುತ್ತವೆ. ನಮ್ಮ ತಾಯಿಯವರು ಇಂದಿಗೂ ಆ್ಯಪ್ ತೆರೆದು ನೋಡಿಲ್ಲ, ತೆರೆಯುವ ಅಗತ್ಯವೂ ಅವರಿಗೆ ಬಂದಿಲ್ಲ.

ಇನ್ನು ಮೋಟಾರಿನ ವಿಚಾರ. ಸಂಪಿಗೆ ನಲ್ಲಿ ನೀರು ಬರುವುದು ಹೊತ್ತಲ್ಲದ ಹೊತ್ತಿನಲ್ಲಿ, ಮೇಲಿನ ಟ್ಯಾಂಕ್ ಬರಿದಾಗುವುದು ಮನೆಯವರೆಲ್ಲ ಹೊರಡುವ ಅವಸರದಲ್ಲಿ. ಒಂದು ಎಚ್‌ಪಿ ಮೋಟಾರು ಚಾಲನೆಯಲ್ಲಿ ಐದಾರು ಆಂಪಿಯರ್ ಎಳೆದರೂ ಆರಂಭದ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಆದ್ದರಿಂದ '16 ಆಂಪಿಯರ್' ಎಂದು ಬರೆದಿರುವ ಸ್ಮಾರ್ಟ್ ಪ್ಲಗ್ಗಿಗೆ ಮೋಟಾರನ್ನು ನೇರವಾಗಿ ಕೊಡಬಾರದು. ಒಳಗಿನ ಸಂಪರ್ಕ ಬೆಸೆದುಹೋದರೆ ಆರಿಸಿದರೂ ಮೋಟಾರು ಆರುವುದಿಲ್ಲ. ನಾವು ಸಣ್ಣ ರಿಲೇಯಿಂದ ಕಾಂಟ್ಯಾಕ್ಟರನ್ನು, ಅಂದರೆ ಭಾರಿ ಕರೆಂಟು ತಾಳುವ ಸ್ವಿಚ್ಚನ್ನು, ನಡೆಸಿ, ಅದರ ಮೂಲಕ ಮೋಟಾರಿಗೆ ಕರೆಂಟು ಕೊಟ್ಟಿದ್ದೇವೆ. ನೀರಿನ ಮಟ್ಟ ಅಳೆಯಲು ವೈಫೈ ಇರುವ ಸಣ್ಣ ನಿಯಂತ್ರಕವಾದ ಇಎಸ್‌ಪಿ32 ಬೋರ್ಡು ಮತ್ತು ಶಬ್ದದ ಅಲೆಯಿಂದ ದೂರ ಅಳೆಯುವ ಜಲನಿರೋಧಕ ಅಲ್ಟ್ರಾಸಾನಿಕ್ ಸೆನ್ಸರ್ ಇವೆ. ಈ ಬಗೆಯ ಸೆನ್ಸರಿಗೆ ತೀರ ಹತ್ತಿರದ ಸುಮಾರು 25 ಸೆಂಟಿಮೀಟರ್ ಕಾಣಿಸುವುದಿಲ್ಲವಾದ್ದರಿಂದ, ತುಂಬಿದ ನೀರಿನ ಮಟ್ಟಕ್ಕಿಂತ ಅಷ್ಟು ಎತ್ತರದಲ್ಲಿ ಕೂರಿಸಬೇಕು. ಮುಚ್ಚಳದಡಿ ಹಬೆ ಹನಿಗಟ್ಟಿದಾಗ ಅಳತೆ ಒಮ್ಮೊಮ್ಮೆ ಜಿಗಿಯುತ್ತದೆ. ಹಲವು ಅಳತೆಗಳ ನಡುಮೌಲ್ಯ ತೆಗೆದುಕೊಂಡರೆ ಸರಿಹೋಗುತ್ತದೆ.

ಮೋಟಾರು ಓಡುತ್ತಿದ್ದೂ ಕೆಲವು ನಿಮಿಷ ಟ್ಯಾಂಕಿನ ಮಟ್ಟ ಏರದಿದ್ದರೆ ಅದನ್ನು ನಿಲ್ಲಿಸಿ ಮೊಬೈಲಿಗೆ ಸಂದೇಶ ಕಳಿಸುವ ನಿಯಮವೇ ನಮ್ಮಲ್ಲಿ ಅತಿ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ನೀರಿಲ್ಲದೆ ಓಡಿದ ಪಂಪಿನ ಸೀಲು ಸುಟ್ಟರೆ ರಿಪೇರಿಯ ಖರ್ಚು ಸಣ್ಣದಲ್ಲ. ಹಾಗೆಂದು ಎಲ್ಲವನ್ನೂ ತಂತ್ರಾಂಶಕ್ಕೆ ಒಪ್ಪಿಸಿಲ್ಲ. ಟ್ಯಾಂಕ್ ತುಂಬಿದಾಗ ಸಂಪರ್ಕ ಕಡಿಯುವ ಫ್ಲೋಟ್ ಸ್ವಿಚ್ಚನ್ನು ತಂತಿಯಿಂದಲೇ ಜೋಡಿಸಿದ್ದು, ಪೈ ಸ್ಥಗಿತಗೊಂಡರೂ ನೀರು ಉಕ್ಕಿ ಹರಿಯುವುದಿಲ್ಲ.

ಗೀಸರಿನ ನಿಯಮ ಸರಳವಾದದ್ದು. ನಮಗೆ ಸೋಲಾರ್ ಇರುವುದರಿಂದ ಗೀಸರ್ ಬೇಕಾಗುವುದು ಮೋಡದ ದಿನಗಳಲ್ಲಿ ಮಾತ್ರ. ಹದಿನೈದು ಲೀಟರ್ ನೀರನ್ನು 20ರಿಂದ 50 ಡಿಗ್ರಿಗೆ ಏರಿಸಲು 2000 ವ್ಯಾಟ್ ಗೀಸರಿಗೆ ಸುಮಾರು 16 ನಿಮಿಷ ಸಾಕು. ಹಾಗಾಗಿ ಹಾಕಿದ ಇಪ್ಪತ್ತು ನಿಮಿಷಕ್ಕೆ ಅದು ತಾನೇ ಆರುತ್ತದೆ.

ಕರೆಂಟು ಹೋಗಿ ಬಂದಾಗ ಸಾಧನಗಳು ಯಾವ ಸ್ಥಿತಿಗೆ ಮರಳಬೇಕೆಂಬುದನ್ನು ಪ್ರತಿ ಸಾಧನದಲ್ಲೂ ಮೊದಲೇ ನಿಗದಿ ಮಾಡಬೇಕು, ಇಲ್ಲದಿದ್ದರೆ ನಡುರಾತ್ರಿ ಮನೆಯ ದೀಪಗಳೆಲ್ಲ ಒಟ್ಟಿಗೆ ಉರಿಯುವ ಸಂಭವವಿದೆ. ರೌಟರ್ ಮತ್ತು ಪೈ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕುವುದು ಕಡ್ಡಾಯವೆಂದೇ ಹೇಳುತ್ತೇನೆ.

ಈ ವ್ಯವಸ್ಥೆ ಎಲ್ಲರಿಗೂ ಒಗ್ಗುವಂಥದ್ದಲ್ಲ. ಪ್ರತಿ ತಿಂಗಳೂ ಹೊಸ ಆವೃತ್ತಿ ಬರುತ್ತದೆ, ಕೆಲವೊಮ್ಮೆ ಹಳೆಯ ನಿಯಮಗಳನ್ನು ತಿದ್ದಬೇಕಾಗುತ್ತದೆ; ಮನೆಯಲ್ಲಿ ಒಬ್ಬರಾದರೂ ಇದರಲ್ಲಿ ಆಸಕ್ತಿಯುಳ್ಳವರು ಇರಲೇಬೇಕು. ನಾನು ಪ್ರತಿ ಆವೃತ್ತಿಯನ್ನೂ ತಕ್ಷಣ ಹಾಕಿಕೊಳ್ಳದೆ, ತಿಂಗಳ ಕೊನೆಯವರೆಗೆ ಕಾದು, ಬದಲಾವಣೆಗಳ ಟಿಪ್ಪಣಿ ಓದಿ, ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿಗೆ ನಕಲು ಮಾಡಿದ ಬಳಿಕವೇ ಮುಂದುವರಿಯುತ್ತೇನೆ. ಹಬ್ಬಗಳ ವಾರದಲ್ಲಂತೂ ಅದರ ತಂಟೆಗೇ ಹೋಗುವುದಿಲ್ಲ.